ಮೂರಕ್ಕೆ ಮೂರೇ ಮಾತ್ರೆ

ಛಂದಸ್ಸು ಎಂದೊಡನೆ ಮಕ್ಕಳು ಗಡಿಯಾರ ನೋಡುತ್ತಾರೆ. ಲಘು-ಗುರುವಿನ ಪಾಠವನ್ನು ಪದ್ಯದ ಬದಲು ಅಂಕಿಗಳ ಹೆಸರಿನಿಂದ ಆರಂಭಿಸಬೇಕೆಂಬುದು ನಮ್ಮ ಅಭಿಪ್ರಾಯ. ದುಬೈ, ಅಬುಧಾಬಿಯಲ್ಲಿ ಬೆಳೆಯುವ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡಿದರೂ ಎಣಿಸುವುದು ಇಂಗ್ಲಿಷಿನಲ್ಲೇ ಅಲ್ಲವೇ?

ಒಂದು ಸಂಖ್ಯೆ ಆರಿಸಿ, ಅದರ ಹೆಸರಿನ ಮಾತ್ರೆ ಎಣಿಸಿ. ಬಂದ ಸಂಖ್ಯೆಯ ಹೆಸರಿಗೂ ಹಾಗೆಯೇ ಮಾಡಿ. ‘ಒಂಬತ್ತು’: ಗುರು, ಗುರು, ಲಘು, ಐದು ಮಾತ್ರೆ. ‘ಐದು’: ಗುರು, ಲಘು, ಮೂರು. ‘ಮೂರು’: ಗುರು, ಲಘು, ಮತ್ತೆ ಮೂರು! ತನ್ನ ಅಳತೆಯನ್ನು ತಾನೇ ಹೇಳುವ ಪದ. ಒಂದರಿಂದ ಹತ್ತರವರೆಗೆ ಎಲ್ಲಿಂದ ಹೊರಟರೂ ಇಲ್ಲಿಗೇ ಬರುತ್ತೇವೆ. ಮಾತ್ರೆ ಬಿಟ್ಟು ಅಕ್ಷರ ಎಣಿಸಿದರೆ ಬೇರೆಯೇ ತಮಾಷೆ. ‘ಎರಡು’ ಪದಕ್ಕೆ ಮೂರು ಅಕ್ಷರ, ‘ಮೂರು’ ಪದಕ್ಕೆ ಎರಡು. ಎರಡೂ ಒಂದನ್ನೊಂದು ತೋರಿಸುತ್ತಲೇ ಇರುತ್ತವೆ. ಇಂಗ್ಲಿಷಿನಲ್ಲಿ ಆ ಪಟ್ಟ ‘ಫೋರ್’ ಪದಕ್ಕೆ, ಅದಕ್ಕೆ ನಾಲ್ಕೇ ಅಕ್ಷರ.

ಇದು ತರಗತಿಯಲ್ಲೇ ಬಗೆಹರಿಯುವ ಪ್ರಶ್ನೆ. ಬಗೆಹರಿಯದ್ದೂ ಒಂದಿದೆ. 2, 3, 2, 3 ಎಂದು ಬರೆಯಿರಿ. ಸಾಲಿನ ಕೊನೆಯಲ್ಲಿ ಯಾವ ಗುಂಪು ಒತ್ತೊತ್ತಾಗಿ ಅತಿ ಹೆಚ್ಚು ಸಲ ಬಂದಿದೆಯೋ ನೋಡಿ, ಎಷ್ಟು ಸಲ ಎಂಬುದನ್ನು ಮುಂದೆ ಬರೆಯಿರಿ. ‘2, 3’ ಎರಡು ಸಲ ಬಂದಿದೆ, ಆದ್ದರಿಂದ 2. ಈಗ ಕೊನೆಯಲ್ಲಿ ‘3, 2’ ಎರಡು ಸಲ, ಮತ್ತೆ 2. ಹೀಗೆ ಸಾಲು ತನ್ನ ಬಗ್ಗೆ ತಾನೇ ಬರೆದುಕೊಳ್ಳುತ್ತಾ 2, 2, 2, 3 ಆಗಿ, ಆಮೇಲೆ ಯಾವುದೂ ಮರುಕಳಿಸದೆ 1ಕ್ಕೆ ಬರುತ್ತದೆ. ಯಾವ ಸಾಲಿನಿಂದ ಹೊರಟರೂ ಕೊನೆಗೆ 1 ಬರಲೇಬೇಕೇ? ಹೌದೆಂಬುದು ಊಹೆ. ನೀಲ್ ಸ್ಲೋನ್ ಮತ್ತು ಸಂಗಡಿಗರು 2013ರಲ್ಲಿ ಇದರ ಬಗ್ಗೆ ಪ್ರಬಂಧವನ್ನೇ ಬರೆದರು. ಆದರೂ ಸಾಧಿಸಿದವರಿಲ್ಲ.

ಆರಂಭದ ಮಹಿಮೆ ನೋಡಿ. 2 ಮತ್ತು 3ರಿಂದ ಕಟ್ಟಿದ ಏಳು ಅಂಕಿಗಳ ಸಾಲನ್ನು ಹೇಗೆ ಜೋಡಿಸಿದರೂ 1 ಬರುವ ಮುನ್ನ 8ಕ್ಕಿಂತ ಹೆಚ್ಚು ಅಂಕಿ ಸೇರುವುದಿಲ್ಲ. ಒಂದೇ ಅಂಕಿ ಹೆಚ್ಚಿಸಿ, ಎಂಟು ಮಾಡಿ, 58ರವರೆಗೂ ಹೋಗಬಹುದು!

ಪೋಷಕರು ಕೇಳುತ್ತಾರೆ, “ಇದಕ್ಕೆ ಮಾರ್ಕ್ಸ್ ಎಷ್ಟು, ಟೀಚರ್?” ಒಂದೂ ಇಲ್ಲ. ಆದರೆ ಪುಸ್ತಕದ ಹಿಂದೆ ಉತ್ತರವಿರುವ ಪ್ರಶ್ನೆಗಳನ್ನೇ ಹತ್ತು ವರ್ಷ ಕೊಟ್ಟರೆ, ದೊಡ್ಡವರಿಗೆ ಎಲ್ಲವೂ ಗೊತ್ತಿದೆ ಎಂದು ಮಕ್ಕಳು ನಂಬಿಬಿಡುತ್ತಾರೆ. “ನಮಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ” ಎಂದು ಹೇಳಲು ಶಿಕ್ಷಕರಾದ ನಾವೇ ಹಿಂಜರಿಯುತ್ತೇವೆ, ಅದು ನಮ್ಮ ತಪ್ಪು.

ಮಕ್ಕಳೇ, ಈ ಶುಕ್ರವಾರ ಸಂಜೆ ಉದ್ದನೆಯ ಕಾಗದ ಹಿಡಿದು 2, 3, 2, 2, 2, 3, 2, 3ರಿಂದ ಹೊರಡಿ. ಅಪ್ಪ-ಅಮ್ಮನನ್ನೂ ಕೂರಿಸಿಕೊಳ್ಳಿ. ಎಣಿಸುವುದು ಮಾತ್ರ ಕನ್ನಡದಲ್ಲಿ.