ಜಂಟಿ ಖಾತೆಯ ಮೂರು ವರ

ಮಕ್ಕಳೇ, ಭೂತಗಳ ರಾಜನೇ ಎದುರು ಬಂದು ‘ಮೂರು ವರ ಕೇಳಿ’ ಎಂದರೆ ಏನು ಕೇಳುತ್ತೀರಿ? ಮೊಬೈಲೇ? ಪರೀಕ್ಷೆಯೇ ಇಲ್ಲದ ಶಾಲೆಯೇ? ಗೂಪಿ, ಬಾಘಾ ಎಂಬ ಇಬ್ಬರು ಬಡಪಾಯಿಗಳು ಕೇಳಿದ್ದು ಇಷ್ಟೇ: ಬೇಕೆಂದಾಗ ಊಟ-ಬಟ್ಟೆ, ಮನಸ್ಸಾದ ಊರಿಗೆ ಹೋಗುವ ಶಕ್ತಿ, ಕೇಳಿದವರು ಕದಲದೆ ನಿಲ್ಲುವಂಥ ಸಂಗೀತ. ಬದುಕಿನ ಬಹುಪಾಲು ಬ್ಯಾಂಕಿನ ಕೌಂಟರಿನಲ್ಲಿ ಕಳೆದ ನನಗೆ ಈ ಪಟ್ಟಿ ಬಹಳ ಹಿಡಿಸಿತು. ಲಾಕರಿನಲ್ಲಿ ಇಡಬಹುದಾದ್ದು ಒಂದೂ ಇಲ್ಲ!

ಇದು 1969ರಲ್ಲಿ ತೆರೆಗೆ ಬಂದ ಸತ್ಯಜಿತ್ ರಾಯ್ ಅವರ ಬಂಗಾಳಿ ಚಿತ್ರ ‘ಗೂಪಿ ಗಾಯೇನ್ ಬಾಘಾ ಬಾಯೇನ್’. ಹಾಡುವ ಗೂಪಿ, ಡೋಲು ಬಾರಿಸುವ ಬಾಘಾ ಎಂದರ್ಥ. ಅರ್ಧ ಶತಮಾನ ಕಳೆದರೂ ಬಂಗಾಳದ ಮನೆಗಳಲ್ಲಿ ಅಜ್ಜನಿಗೂ ಮೊಮ್ಮಗನಿಗೂ ಇದರ ಹಾಡುಗಳು ಬಾಯಿಪಾಠ.

ಕಥೆ ಬರೆದವರು ರಾಯ್ ಅವರ ತಾತ ಉಪೇಂದ್ರಕಿಶೋರ್. ಅವರೇ ಆರಂಭಿಸಿದ್ದ ‘ಸಂದೇಶ್’ ಎಂಬ ಮಕ್ಕಳ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಬಂಗಾಳಿಯಲ್ಲಿ ಸಂದೇಶ್ ಎಂದರೆ ಸುದ್ದಿಯೂ ಹೌದು, ಸಿಹಿತಿಂಡಿಯೂ ಹೌದು. ತಾತ ತೀರಿಕೊಂಡದ್ದು 1915ರಲ್ಲಿ. ಮೊಮ್ಮಗ ಹುಟ್ಟಿದ್ದು 1921ರಲ್ಲಿ. ಒಬ್ಬರನ್ನೊಬ್ಬರು ಕಣ್ಣಿಂದ ನೋಡಲೇ ಇಲ್ಲ. ಆದರೂ ರಾಯ್ ಅವರ ಮಗ ಸಂದೀಪ್, ನಮಗಾಗಿಯೂ ಒಂದು ಸಿನಿಮಾ ಮಾಡು ಎಂದು ಹಟ ಹಿಡಿದಾಗ, ಕೈಗೆ ಬಂದದ್ದು ತಾತನ ಕಥೆಯೇ.

ಗೂಪಿಗೆ ಹಾಡುವ ಆಸೆ, ಆದರೆ ಶ್ರುತಿಯಿಲ್ಲ. ಊರ ಕಟ್ಟೆಯ ಮೇಲೆ ಕೂತ ಹಿರಿಯರು ‘ಆಹಾ, ನಸುಕಿನಲ್ಲಿ ರಾಜನ ಕಿಟಕಿಯ ಕೆಳಗೆ ಹಾಡು’ ಎಂದು ಬೇಕೆಂದೇ ಹುರಿದುಂಬಿಸುತ್ತಾರೆ. ರಾಜ ತಂಬೂರಿ ಒಡೆದು, ಕತ್ತೆಯ ಮೇಲೆ ಕೂರಿಸಿ ಊರು ಬಿಡಿಸುತ್ತಾನೆ. ಬಾಘಾನನ್ನೂ ಹೀಗೇ ಅವನ ಊರಿನವರು ಓಡಿಸಿರುತ್ತಾರೆ. ಕಟ್ಟೆಯ ದೃಶ್ಯ ಬಂದಾಗ ನಾವು ಅಜ್ಜಂದಿರು ಸ್ವಲ್ಪ ಗಮನವಿಟ್ಟು ನೋಡಬೇಕು. ಅಪಸ್ವರದಲ್ಲಿ ಹಾಡುವ ಮಗುವನ್ನು ನೋಡಿ ನಗುವುದು ಬಹಳ ಸುಲಭ.

ಇಬ್ಬರೂ ಬಿದಿರು ಕಾಡಿನಲ್ಲಿ ಸೇರಿದಾಗ ಭೂತಗಳ ಕುಣಿತ ಶುರುವಾಗುತ್ತದೆ. ರಾಜ ಭೂತ, ರೈತ ಭೂತ, ಬಿಳಿ ದೊರೆ ಭೂತ, ಡೊಳ್ಳುಹೊಟ್ಟೆ ಭೂತ! ಮಾತೇ ಇಲ್ಲ, ಬರೀ ತಾಳವಾದ್ಯ. ಕಿವಿಗೊಟ್ಟು ಕೇಳಿ: ಅದು ರಾಮನವಮಿ ಕಛೇರಿಗಳಲ್ಲಿ ನಾವು ಕೇಳುವ ಮೃದಂಗ, ಘಟ, ಖಂಜಿರ, ಮೋರ್ಸಿಂಗ್. ದಕ್ಷಿಣದ ನಮ್ಮ ವಾದ್ಯಗಳಿಗೆ ಬಂಗಾಳದ ಭೂತಗಳು ಹೆಜ್ಜೆ ಹಾಕುತ್ತವೆ.

ಮುಂದೆ ಹಲ್ಲಾ ದೇಶದ ದುಷ್ಟ ಮಂತ್ರಿ ನೆರೆಯ ಶುಂಡಿಯ ಮೇಲೆ ಯುದ್ಧ ಹೂಡುತ್ತಾನೆ. ಶುಂಡಿಯ ಜನರಿಗೆ ಮಾತೇ ಬರದು. ಹಲ್ಲಾದ ಸೈನಿಕರ ಹೊಟ್ಟೆಗೆ ಹಿಟ್ಟಿಲ್ಲ. ನಮ್ಮ ಜೋಡಿ ಕತ್ತಿ ಹಿಡಿಯುವುದಿಲ್ಲ. ಹಾಡಿ ಸೈನ್ಯವನ್ನು ನಿಲ್ಲಿಸುತ್ತಾರೆ, ಆಕಾಶದಿಂದ ಸಿಹಿ ತುಂಬಿದ ಮಡಕೆಗಳನ್ನು ಇಳಿಸುತ್ತಾರೆ. ಸೈನಿಕರು ಆಯುಧ ಬಿಟ್ಟು ಮಡಕೆಗಳ ಕಡೆಗೆ ಓಡುತ್ತಾರೆ. ನಕ್ಕು ನಕ್ಕು ಸಾಕಾದ ಮೇಲೆ ಮನಸ್ಸಿಗೆ ತಟ್ಟುತ್ತದೆ: ಪಾಪ, ಅವರಿಗೆ ಬೇಕಾಗಿದ್ದದ್ದು ಯುದ್ಧವಲ್ಲ, ಊಟ.

ಇನ್ನೊಂದು ಗುಟ್ಟು. ಊಟ ಬರಬೇಕಾದರೂ ಊರು ಬದಲಾಗಬೇಕಾದರೂ ಇಬ್ಬರೂ ಒಬ್ಬರ ಅಂಗೈಗೆ ಇನ್ನೊಬ್ಬರು ಹೊಡೆದು ಚಪ್ಪಾಳೆ ತಟ್ಟಬೇಕು. ಬ್ಯಾಂಕಿನ ಭಾಷೆಯಲ್ಲಿ ಇದು ಜಂಟಿ ಖಾತೆ. ಒಬ್ಬರ ಸಹಿಗೆ ಹಣ ಬಾರದು. ಜಗಳವಾಡಿಕೊಂಡರೆ ಇಬ್ಬರಿಗೂ ಉಪವಾಸ. ಈ ಚಿತ್ರ ಇಷ್ಟು ಕಾಲ ಬಾಳಿದ್ದಕ್ಕೆ ಇದೇ ಕಾರಣವಿರಬೇಕು ಎಂದು ನನಗನ್ನಿಸುತ್ತದೆ. ಇದು ಒಬ್ಬರೇ ನೋಡುವ ಚಿತ್ರವಲ್ಲ. ಕೆಳಗಿನ ಅಕ್ಷರ ಓದಿ ಹೇಳಲು ಒಬ್ಬರು ಬೇಕು, ಭೂತ ಬಂದಾಗ ಕೈ ಹಿಡಿಯಲು ಇನ್ನೊಬ್ಬರು ಬೇಕು.

ಈ ರಜೆಯಲ್ಲಿ ಅಜ್ಜ ಅಜ್ಜಿಯ ಪಕ್ಕ ಕೂತು ನೋಡಿ. ಕಪ್ಪು ಬಿಳುಪು ಎಂದು ಮೂಗು ಮುರಿಯಬೇಡಿ. ಇಡೀ ಚಿತ್ರಕ್ಕೆ ಬಣ್ಣ ಹಾಕುವಷ್ಟು ದುಡ್ಡಿರಲಿಲ್ಲ. ಇದ್ದ ಬಣ್ಣವನ್ನು ರಾಯ್ ಕೊನೆಯ ದೃಶ್ಯಕ್ಕೆ ಉಳಿಸಿಟ್ಟರು. ಆದ್ದರಿಂದ ನಡುವೆ ಎದ್ದು ಹೋಗಬೇಡಿ.