ಬಾಯಿಯ ಕಾವಲುಗಾರರು

ಬಾಯಿಯಲ್ಲಿ ಕ್ರಿಮಿಗಳಿದ್ದರೆ ರೋಗವೆಂದೇ ನಮ್ಮವರ ನಂಬಿಕೆ. ಇದು ಅರ್ಧಸತ್ಯ. ಆರೋಗ್ಯವಂತನ ಬಾಯಲ್ಲಿಯೂ ಹಲವು ಜಾತಿಯ ಬ್ಯಾಕ್ಟೀರಿಯಗಳಿರುತ್ತವೆ. ಸ್ಥಳವನ್ನೂ ಆಹಾರವನ್ನೂ ಅವು ಹಿಡಿದುಕೊಂಡಿರುವುದರಿಂದ ಕ್ಯಾಂಡಿಡಾ ಎಂಬ ಶಿಲೀಂಧ್ರವು ಸುಲಭವಾಗಿ ತಲೆಯೆತ್ತಲಾರದು. ಅನಾವಶ್ಯಕವಾಗಿ ಆಂಟಿಬಯೋಟಿಕ್ ನುಂಗಿದರೆ ಈ ಕಾವಲುಗಾರರು ಸಾಯುವರು. ನಾಲಗೆಯ ಮೇಲೆ ಬಿಳಿಯ ಪದರ ಕಟ್ಟಬಹುದು.

ಅದಕ್ಕೆ ಕೊಡುವ ಮದ್ದುಗಳೆಲ್ಲ ಒಂದೇ ಬಗೆಯವಲ್ಲ. 1950ರಲ್ಲಿ ನ್ಯೂಯಾರ್ಕಿನ ಹೇಜನ್ ಮತ್ತು ಬ್ರೌನ್ ಎಂಬ ಮಹಿಳೆಯರು ಕಂಡುಹಿಡಿದ ನಿಸ್ಟಾಟಿನ್, ಆಮೇಲೆ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದುಸ್ಥಾನ್ ಆಂಟಿಬಯೋಟಿಕ್ಸಿನ ತಿರುಮಲಾಚಾರ್ ಮೊದಲಾದವರು ಕಂಡುಹಿಡಿದ ಹ್ಯಾಮೈಸಿನ್, ಇವೆರಡೂ ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೊಸ್ಟೆರಾಲನ್ನು ಹಿಡಿದು ಪೊರೆಯನ್ನು ಕೆಡಿಸುತ್ತವೆ. ಬ್ಯಾಕ್ಟೀರಿಯಗಳಲ್ಲಿ ಆ ವಸ್ತುವಿಲ್ಲ. ಆದುದರಿಂದ ಅವು ಉಳಿಯುತ್ತವೆ. ಹಿಂದೆ ಹಸುಗೂಸುಗಳ ಬಾಯಿಗೆ ಹಚ್ಚುತ್ತಿದ್ದ ನೇರಳೆ ಬಣ್ಣದ ಜೆನ್ಶಿಯನ್ ವಯೊಲೆಟ್ ಹಾಗಲ್ಲ. ಅದು ಶಿಲೀಂಧ್ರದೊಡನೆ ಅನೇಕ ಬ್ಯಾಕ್ಟೀರಿಯಗಳನ್ನೂ ಕೊಲ್ಲುವುದು.

ಅಳದಂಗಡಿಯಂತಹ ಊರುಗಳ ಎಷ್ಟೋ ಮನೆಗಳಲ್ಲಿ ಮದ್ದಿನ ಚೀಟಿಯನ್ನು ಓದಿ ಹೇಳುವವರು ಕಾಲೇಜಿಗೆ ಬಂದಿರುವ ನಾವೇ. ಅಂಗಡಿಯಲ್ಲಿ "ಬಾಯಿಹುಣ್ಣಿಗೆ ಏನಾದರೂ ಕೊಡಿ" ಎಂದು ಕೇಳುವ ಹಿರಿಯರನ್ನು ತಡೆದು ಡಾಕ್ಟರರಲ್ಲಿಗೆ ಕರೆದೊಯ್ಯುವುದು ನಮ್ಮ ಕರ್ತವ್ಯ. ಅಲ್ಲಿ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಈ ಮದ್ದು ಯಾವುದನ್ನು ಕೊಲ್ಲುತ್ತದೆ, ಯಾವುದನ್ನು ಉಳಿಸುತ್ತದೆ?