ಕೀಲಿಯೋ, ಗಾಜೋ?

‘ಬೆಲೆ’, ‘ಬೆಳೆ’, ‘ಬೇಳೆ’ ಎಂಬ ಮೂರು ಶಬ್ದಗಳ ಭೇದವನ್ನು ಮುಧೋಳ ಸೀಮೆಯ ಒಕ್ಕಲಿಗನಿಗೆ ಯಾರೂ ಕಲಿಸಬೇಕಾಗಿಲ್ಲ. ಕಬ್ಬಿನ ಬೆಳೆ ಬಂದರೂ ಬೆಲೆ ಬಾರದ ವರ್ಷ ಮನೆಯಲ್ಲಿ ಬೇಳೆ ಬೇಯುವುದು ಕಷ್ಟವೆಂಬುದು ಆತನಿಗೆ ಅನುಭವಸಿದ್ಧವು. ಆದರೆ ಆತನ ಮಗನು ಮೊಬೈಲಿನ ಗಾಜನ್ನು ಮುಟ್ಟಿ ರೋಮನ್ ಅಕ್ಷರಗಳಲ್ಲಿ ಕನ್ನಡವನ್ನು ಬರೆಯುವಾಗ ಈ ಮೂರೂ ಒಂದೇ ಆಗಿಬಿಡುತ್ತವೆ. ‘ಕಬ್ಬಿನ ಬೆಲೆ ಬಂದಿಲ್ಲ’ ಎಂದನೋ, ‘ಕಬ್ಬಿನ ಬೆಳೆ ಬಂದಿಲ್ಲ’ ಎಂದನೋ, ಓದುವವನೇ ಊಹಿಸಿಕೊಳ್ಳಬೇಕು. ಹಾಲಿಗೂ ಹಾಳಿಗೂ, ಕಾಲಿಗೂ ಕಾಳಿಗೂ ಇದೇ ಗತಿಯು.

ವಾಚಕ ಮಹಾಶಯರೇ, ಮಾತು ಕನ್ನಡ, ಬರಹ ಪರಕೀಯ ಎಂಬ ಅವಸ್ಥೆಯು ನಮ್ಮ ಪ್ರಾಂತಕ್ಕೆ ಹೊಸದಲ್ಲ. ಜಮಖಂಡಿಯಲ್ಲಿ ಪಟವರ್ಧನರೂ ಮುಧೋಳದಲ್ಲಿ ಘೋರ್ಪಡೆಯವರೂ ಆಳುತ್ತಿದ್ದ ಕಾಲದಲ್ಲಿ ದಫ್ತರದ ಭಾಷೆಯು ಮರಾಠಿಯಾಗಿತ್ತು. ಮನೆಯಲ್ಲಿ ಕನ್ನಡವಾಡಿ ಕಾಗದದಲ್ಲಿ ಮೋಡಿ ಬರೆದ ಹಿರಿಯರು ಬಹಳ ಮಂದಿ. 1948ರಲ್ಲಿ ಆ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಮೋಡಿಯನ್ನು ಅರಸೊತ್ತಿಗೆಯು ಹೇರಿತ್ತು; ರೋಮನ್ ಲಿಪಿಯನ್ನು ನಾವೇ ಸ್ವಸಂತೋಷದಿಂದ ಹೊತ್ತುಕೊಂಡಿದ್ದೇವೆ. ಭೇದವು ಇಷ್ಟೇ.

ಇಲ್ಲಿ ಪೂರ್ವಪಕ್ಷದವರು ಹೀಗೆನ್ನುವರು: “ಇದು ಲಿಪಿಯ ದೋಷವೇ ಹೊರತು ಗಾಜಿನ ದೋಷವಲ್ಲ. ಗಾಜಿನ ಮೇಲೆಯೂ ಕನ್ನಡದ ಮಣೆಯನ್ನು ಮೂಡಿಸಬಹುದು. ಒಂದೇ ಗಾಜು ಈ ಕ್ಷಣದಲ್ಲಿ ಕನ್ನಡದ ಮಣೆ, ಮರುಕ್ಷಣದಲ್ಲಿ ನಾಗರಿಯ ಮಣೆ. ಕೀಲಿಗೆ ಈ ಶಕ್ತಿಯೆಲ್ಲಿ? 2007ರಲ್ಲಿ ಐಫೋನು ಬಂದ ಬಳಿಕ ಜಗತ್ತೇ ಗಾಜಿಗೆ ಒಲಿಯಿತು. ಕೀಲಿಗಳಿಗೆ ಹೆಸರಾಗಿದ್ದ ಬ್ಲ್ಯಾಕ್‌ಬೆರಿಯ ಹಳೆಯ ಫೋನುಗಳ ಸೇವೆಯು 2022ರ ಜನವರಿ 4ರಂದು ನಿಂತೇಹೋಯಿತು. ಸತ್ತುದಕ್ಕೆ ಅಳುವುದೇಕೆ?”

ಗಾಜಿನ ಮೇಲೆ ಕನ್ನಡದ ಮಣೆಯುಂಟೆಂಬುದು ನಿಜ. ಆದರೆ ಅದನ್ನು ಬಳಸುವವರು ವಿರಳರೇಕೆ ಎಂಬುದನ್ನು ಪೂರ್ವಪಕ್ಷವು ವಿಚಾರಿಸಲಿಲ್ಲ. ಅಂಗೈಯಗಲದ ಗಾಜಿನಲ್ಲಿ ವರ್ಣಮಾಲೆಯ 49 ಅಕ್ಷರಗಳನ್ನೂ ಕಾಗುಣಿತವನ್ನೂ ಇಡುಕಿದರೆ ಪ್ರತಿಯೊಂದು ಮನೆಯೂ ಜೋಳದ ಕಾಳಿನಷ್ಟಾಗುತ್ತದೆ. ಗಾಜಿಗೆ ಉಬ್ಬಿಲ್ಲ, ತಗ್ಗಿಲ್ಲ. ಬೆರಳಿಗೆ ಅಲ್ಲಿ ಗುರುತೇ ಇಲ್ಲ. ಆದಕಾರಣ ಕಣ್ಣು ಪ್ರತಿ ಅಕ್ಷರವನ್ನೂ ಹುಡುಕಬೇಕು. ಹುಡುಕಿ ದಣಿದವನು ರೂಢಿಯಾದ ರೋಮನ್ ಮಣೆಗೆ ಜಾರುತ್ತಾನೆ. ಜಾರಿದ ಮೇಲೆ ಯಂತ್ರವು ತಾನಾಗಿ ನಾಲ್ಕಾರು ಶಬ್ದಗಳನ್ನು ಮುಂದಿಡುತ್ತದೆ. ಅವುಗಳಲ್ಲೊಂದನ್ನು ಈತನು ಮುಟ್ಟುತ್ತಾನೆ. ಇದು ಬರೆಯುವುದಲ್ಲ, ಬಡಿಸಿದ್ದನ್ನು ಉಣ್ಣುವುದು.

ಕೀಲಿಮಣೆಯ ರೀತಿಯೇ ಬೇರೆ. ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ಕೆ. ಪಿ. ರಾಯರು, ಸಾಮಾನ್ಯ ಇಂಗ್ಲಿಷ್ ಕೀಲಿಮಣೆಗೇ ಕನ್ನಡವನ್ನು ಅಳವಡಿಸಿ, ಆ ವಿನ್ಯಾಸವನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವು ನಡೆಯುವುದು ಅದರ ಮೇಲೆಯೇ. ಅಲ್ಲಿ ಅಲ್ಪಪ್ರಾಣವು ಒಂದು ಕೀಲಿ. ಶಿಫ್ಟನ್ನು ಹಿಡಿದು ಅದೇ ಕೀಲಿಯನ್ನೊತ್ತಿದರೆ ಮಹಾಪ್ರಾಣವು. ನಕಾರ-ಣಕಾರಗಳಿಗೂ ಲಕಾರ-ಳಕಾರಗಳಿಗೂ ಇದೇ ನಿಯಮ. ಮೊದಲು ವ್ಯಂಜನ, ಅನಂತರ ಸ್ವರ. ಒತ್ತಕ್ಷರ ಬೇಕಾದರೆ ನಡುವೆ ‘ಎಫ್’ ಕೀಲಿಯಿಂದ ವಿರಾಮವನ್ನು ಕೊಡಬೇಕು. ‘ಕನ್ನಡ’ ಎಂದು ಬರೆಯಲು ಕಕಾರ, ನಕಾರ, ವಿರಾಮ, ಮತ್ತೆ ನಕಾರ, ಡಕಾರ: ಐದೇ ಒತ್ತುಗಳು. ಪಾಠಶಾಲೆಯಲ್ಲಿ ಗುರುಗಳು ಸಂಯುಕ್ತಾಕ್ಷರವನ್ನು ಬಿಡಿಸಿ ಹೇಳಿಸುತ್ತಿದ್ದ ಕ್ರಮವೂ ಇದೇ ಅಲ್ಲವೇ? ಇಲ್ಲಿ ಬರೆಯುವವನಿಗೆ ‘ಲ’ವೋ ‘ಳ’ವೋ ಎಂದು ನಿಶ್ಚಯಿಸದೆ ಗತಿಯಿಲ್ಲ.

ಇನ್ನೊಂದು ಸೊಗಸನ್ನು ನೋಡಿರಿ. ಪ್ರತಿ ಕೀಲಿಮಣೆಯಲ್ಲಿಯೂ ಕಣ್ಣಿನ ಸಹಾಯವಿಲ್ಲದೆ ಬೆರಳು ತನ್ನ ಠಾವನ್ನು ಅರಿಯಲೆಂದು ಎರಡು ಕೀಲಿಗಳ ಮೇಲೆ ಸಣ್ಣ ಉಬ್ಬುಗೆರೆಯನ್ನಿಟ್ಟಿರುತ್ತಾರೆ. ಅವುಗಳಲ್ಲೊಂದು ಇದೇ ‘ಎಫ್’. ಕನ್ನಡದ ಅಕ್ಷರಕ್ಕೆ ಅಕ್ಷರವನ್ನು ಬೆಸೆಯುವ ಕೀಲಿಯ ಮೇಲೆ ಎಡಗೈಯ ತೋರುಬೆರಳು ಸದಾ ಕುಳಿತೇ ಇರುತ್ತದೆ!

ಬೆರಳು ಅರಿಯುವುದೆಂದರೇನೆಂಬುದನ್ನು ರಬಕವಿ-ಬನಹಟ್ಟಿಯ ನೇಕಾರರನ್ನು ಕೇಳಬೇಕು. ಕುಳಿಮಗ್ಗದಲ್ಲಿ ಕುಳಿತವನು ಕಾಲಡಿಯ ಹಲಗೆಯನ್ನು ಬಗ್ಗಿ ನೋಡಿ ತುಳಿಯುವುದಿಲ್ಲ. ಲಾಳಿಯನ್ನು ಹಾಯಿಸುವ ಕೈಗೆ ಕಣ್ಣಿನ ಅಪ್ಪಣೆ ಬೇಕಿಲ್ಲ. ಕೈಕಾಲುಗಳು ತಮ್ಮ ಕೆಲಸವನ್ನು ತಾವೇ ಬಲ್ಲವಾದ್ದರಿಂದ ಕಣ್ಣು ಬಟ್ಟೆಯ ಮೇಲಿರುತ್ತದೆ. ಎಳೆ ಕಡಿದರೆ ಕೂಡಲೆ ತಿಳಿಯುತ್ತದೆ. ಬರೆಯುವವನ ಕಣ್ಣೂ ಹಾಗೆಯೇ ವಾಕ್ಯದ ಮೇಲಿರಬೇಕು. ಗಾಜಿನವನ ಕಣ್ಣು ಬೆರಳಿನ ತುದಿಗೆ ಅಂಟಿಕೊಂಡಿರುವಾಗ ವಾಕ್ಯದ ಎಳೆ ಕಡಿದುದನ್ನು ನೋಡುವವರಾರು?

ಗಾಜನ್ನು ಒಡೆಯಿರೆಂದು ನಾವು ಹೇಳುವುದಿಲ್ಲ. ‘ಬಸ್ಸು ಹತ್ತಿದೆ’ ಎಂದು ಮನೆಗೆ ತಿಳಿಸುವುದಕ್ಕೆ ಅದು ಸಾಕು. ಮುದುಕರು ಬಾಯಿಂದ ಹೇಳಿ ಬರೆಯಿಸಿಕೊಳ್ಳುವುದಕ್ಕೂ ಒಳ್ಳೆಯದೇ. ಆದರೆ ಅರ್ಜಿ, ಲೇಖ, ಕಥೆ, ಲೆಕ್ಕಪತ್ರ ಇವುಗಳನ್ನು ಬರೆಯಬೇಕಾದ ಮಕ್ಕಳಿಗೆ ಅದೊಂದೇ ಪಾಟಿಯಾಗಬಾರದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಶಾಲೆಗಳಲ್ಲಿ ಎಲ್ಲೆಲ್ಲಿ ಗಣಕಯಂತ್ರವಿದೆಯೋ ಅಲ್ಲೆಲ್ಲ ದಿನಕ್ಕೆ ಅರ್ಧ ತಾಸು ಕನ್ನಡದ ಕೀಲಿಮಣೆಯನ್ನು ಕಣ್ಣು ತಗ್ಗಿಸದೆ ಒತ್ತುವುದನ್ನು ಕಲಿಸಲಿ. ಗಣಕವಿಲ್ಲದ ಮನೆಯಲ್ಲಿಯೂ ಮೊಬೈಲಿಗೇ ತಂತಿಯಿಂದಲೋ ತಂತಿಯಿಲ್ಲದೆಯೋ ಒಂದು ಕೀಲಿಮಣೆಯನ್ನು ಜೋಡಿಸಬಹುದು. ಹಬ್ಬಕ್ಕೆ ಒಂದು ಅಂಗಿಯನ್ನು ಕಡಿಮೆ ಹೊಲಿಸಿದರೆ ಅದರ ಖರ್ಚು ನೀಗೀತು.

ರನ್ನನು ಹುಟ್ಟಿದ ಮುಧೋಳದ ಹುಡುಗನಿಗೆ ‘ಳ’ ಎಲ್ಲಿದೆಯೆಂದು ಬೆರಳಿಗೆ ತಿಳಿಯದಿದ್ದರೆ, ನಾಳೆ ಕಿವಿಗೂ ತಿಳಿಯದು, ನಾಡಿದ್ದು ನಾಲಗೆಗೂ ಬಾರದು. ಈ ಮಾತಿಗೆ ವಿರೋಧವುಳ್ಳವರು ಅವಶ್ಯವಾಗಿ ಉತ್ತರ ಬರೆಯಲಿ. ಕನ್ನಡ ಅಕ್ಷರಗಳಲ್ಲಿ ಬರೆಯಲಿ, ಇಷ್ಟೇ ನಮ್ಮ ಪ್ರಾರ್ಥನೆಯು.